ಸತ್ತವರ ಬಾಯಲ್ಲಿ ಯಾರ ಮಾತು?

ಗುಂಪು: ಹಟ್ಟಿ ಮನೆಯವರು

ದೊಡ್ಡಣ್ಣ: ನನ್ನ ಮಗಳು ಸಿಂಚನಾ ಬರೆದ ಕಥೆ ಅವಳ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿದೆ. ಪುಟಗಳ ಫೋಟೊ ಹಾಕಿದ್ದೇನೆ. ಎಲ್ಲರೂ ಪೂರ್ತಿ ಓದಬೇಕು. ಕಡೆಯ ಪುಟಕ್ಕೆ ಬರುವಾಗ ನನಗೆ ಕಣ್ಣು ತುಂಬಿ ಬಂತು.

ಅತ್ತಿಗೆ: ಅತ್ತೆ ಮಾವ ಎದುರಿಗೇ ಬಂದು ಕುಳಿತಂತಾಯಿತು.

ಚಿಕ್ಕಪ್ಪ: ಭಾಷೆ ಹದವಾಗಿದೆ ಮಗೂ. ತಾಯಿಯ ತಿಥಿ ಮುಗಿಸಿ ನಾಲ್ವರು ಮಕ್ಕಳು ಹಜಾರದಲ್ಲಿ ಕುಳಿತಿದ್ದಾರೆ, ತೀರಿಕೊಂಡ ಅಪ್ಪ ಅವ್ವ ಅಟ್ಟದಿಂದ ಕಾಲು ಇಳಿಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಾರೆ. ಸೊಸೆ ಒಲೆಯ ಮೇಲೆ ಮರೆತ ಹಾಲು ಉಕ್ಕುವಾಗ ತಾಯಿ ಮೇಲಿನಿಂದಲೇ ಕೈ ಚಾಚುತ್ತಾಳಲ್ಲ, ಎಟುಕುವುದಿಲ್ಲ. ಅಲ್ಲಿ ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ.

ಅಕ್ಕ: ಹಾಲಿನ ಜಾಗ ನನಗೂ ಹಿಡಿಸಿತು. ಕಡೆಯ ಪುಟ ಹಿಡಿಸಲಿಲ್ಲ. ಗಂಡುಮಕ್ಕಳಿಬ್ಬರು ಜಗಳಕ್ಕೆ ನಿಲ್ಲುತ್ತಾರೆ, ದೀಪ ಆರುತ್ತದೆ, ಅಟ್ಟದಿಂದ ಅಪ್ಪನ ಕೆಮ್ಮು ಕೇಳುತ್ತದೆ. ಕೂಡಲೇ ಹಿರಿಯ ಮಗಳು ಎದ್ದು ‘ನನಗೆ ಪಾಲು ಬೇಡ, ಅರಿಶಿನ ಕುಂಕುಮ ಸಾಕು’ ಎನ್ನುತ್ತಾಳೆ. ಅವ್ವ ಆನಂದದಿಂದ ಅಳುತ್ತಾಳೆ. ಕಚ್ಚಾಡಿದವರು ಗಂಡುಮಕ್ಕಳು, ಬಿಟ್ಟುಕೊಟ್ಟವಳು ಮಗಳು. ಆ ಕೆಮ್ಮು ಯಾರನ್ನು ನೋಡಿ ಕೆಮ್ಮಿದ್ದು?

ದೊಡ್ಡಣ್ಣ: ಅದು ಕಥೆ ಅಕ್ಕ.

ಅಕ್ಕ: ಬರೀ ಕಥೆಯಾಗಿದ್ದರೆ ಸರಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಾ ಎಂದು ನೀನು ಹೋದ ವಾರ ಫೋನ್ ಮಾಡಿದ್ದೆ. ಈ ವಾರ ಕಥೆ ಕಳುಹಿಸಿದ್ದೀಯ.

ದೊಡ್ಡಣ್ಣ: ಎಂಥ ಮಾತು ಆಡುತ್ತೀಯ! ಅದಕ್ಕೂ ಇದಕ್ಕೂ ಗಂಟು ಹಾಕಬೇಡ. ಅಪ್ಪ ಅವ್ವ ಮೇಲಿನಿಂದ ಇದನ್ನು ನೋಡಿದರೆ ಎಷ್ಟು ನೊಂದುಕೊಳ್ಳುತ್ತಾರೋ.

ಅಕ್ಕ: ನೋಡು, ಮತ್ತೆ ಅವರನ್ನು ಅಟ್ಟ ಹತ್ತಿಸಿದೆ.

ಚಿಕ್ಕಣ್ಣ: ನಾನು ಕಥೆಯ ವಿಷಯಕ್ಕಷ್ಟೇ ಬರುತ್ತೇನೆ. ಅಟ್ಟದ ಮೇಲಿರುವ ಇಬ್ಬರಿಗೂ ಎಲ್ಲವೂ ಗೊತ್ತು, ಇಬ್ಬರದೂ ಒಂದೇ ಅಭಿಪ್ರಾಯ. ನಮ್ಮ ಅಪ್ಪ ಅವ್ವ ಹುಟ್ಟಿದ ಕರುವಿಗೆ ಹೆಸರಿಡುವುದರಲ್ಲೂ ಒಮ್ಮತಕ್ಕೆ ಬಂದವರಲ್ಲ. ಅಪ್ಪ ಗೌರಿ ಎಂದರೆ ಅವ್ವ ಕೆಂಪಿ ಎನ್ನುತ್ತಿದ್ದಳು, ಆ ಹಸು ಎರಡು ಹೆಸರಿಗೂ ತಿರುಗಿ ನೋಡುತ್ತಿತ್ತು. ಸತ್ತ ಕೂಡಲೇ ಅಷ್ಟು ಅನ್ಯೋನ್ಯ ದಂಪತಿ ಆಗಿಬಿಟ್ಟರೇ?

ದೊಡ್ಡಣ್ಣ: ಹಿರಿಯರು ಮಕ್ಕಳನ್ನು ನೋಡುತ್ತಿರುತ್ತಾರೆ ಎನ್ನುವುದು ನಮ್ಮವರ ನಂಬಿಕೆ. ಅದನ್ನು ಗೇಲಿ ಮಾಡಬೇಡ. ಚಿಕ್ಕಪ್ಪ, ನೀವಾದರೂ ಹೇಳಿ.

ಚಿಕ್ಕಪ್ಪ: ನಂಬಿಕೆಯೇನೋ ಹಳೆಯದೇ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ರಾವಣ ಸತ್ತ ಮೇಲೆ ದಶರಥ ವಿಮಾನದಲ್ಲಿ ಬಂದು ರಾಮನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಆಗ ರಾಮ ಕೇಳುವುದು ಏನು ಗೊತ್ತೇ? ಕೈಕೇಯಿಯನ್ನೂ ಭರತನನ್ನೂ ತೊರೆದೆ ಎಂದಿದ್ದೆಯಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೋ ಎಂದು. ದಶರಥ ಒಪ್ಪುತ್ತಾನೆ. ಮಗನ ಮಾತಿಗೆ ಸತ್ತ ಅಪ್ಪನೇ ತಿದ್ದಿಕೊಳ್ಳುತ್ತಾನೆ.

ದೊಡ್ಡಣ್ಣ: ನಾನು ಹೇಳುವುದೂ ಅದನ್ನೇ. ಒಡಹುಟ್ಟಿದವರು ಒಂದಾಗಿರಬೇಕು.

ಚಿಕ್ಕಪ್ಪ: ಪೂರ್ತಿ ಕೇಳು. ಮಹಾಭಾರತದ ಸಭಾಪರ್ವದಲ್ಲಿ ಪಾಂಡು ಇದ್ದಾನೆ. ರಾಜಸೂಯ ಮಾಡಿದ ಹರಿಶ್ಚಂದ್ರ ಇಂದ್ರನ ಸಭೆಯಲ್ಲಿ, ತಾನು ಯಮನ ಸಭೆಯಲ್ಲಿ. ಅದನ್ನು ಕಂಡು, ಮಗನೂ ಆ ಯಾಗ ಮಾಡಲಿ ಎಂದು ನಾರದನ ಕೈಯಲ್ಲಿ ಹೇಳಿ ಕಳುಹಿಸುತ್ತಾನೆ. ಧರ್ಮರಾಯ ಮಾಡಿದ. ಆ ವೈಭವ ನೋಡಿ ದುರ್ಯೋಧನನ ಹೊಟ್ಟೆ ಉರಿಯಿತು. ಆಮೇಲೆ ಜೂಜು, ಆಮೇಲೆ ಕಾಡು. ತೀರಿಕೊಂಡವರ ಆಸೆ ನಡೆಸಿದರೆ ಮನೆ ಉಳಿಯುತ್ತದೆ ಎಂದು ಮಹಾಭಾರತ ಎಲ್ಲೂ ಭರವಸೆ ಕೊಟ್ಟಿಲ್ಲ. ಸಂದೇಶ ತಂದವನು ನಾರದ ಎನ್ನುವುದೂ ನೆನಪಿರಲಿ.

ಚಿಕ್ಕಣ್ಣ: ಈ ಗುಂಪಿನ ನಾರದ ಯಾರು ಎಂದು ನಾನು ಕೇಳುವುದಿಲ್ಲ.

ಅತ್ತಿಗೆ: ಚಿಕ್ಕ ಹುಡುಗಿ ಬರೆದ ಮೊದಲ ಕಥೆ. ಎಲ್ಲರೂ ಸೇರಿ ಹೀಗೆ ಹಿಂಜಬೇಕೇ? ಅವಳೂ ಗುಂಪಿನಲ್ಲಿದ್ದಾಳೆ.

ನಾನು: ಅತ್ತಿಗೆ, ಕಥೆ ಚೆನ್ನಾಗಿರುವುದರಿಂದಲೇ ಇಷ್ಟು ಮಾತು. ನನಗೆ ಆ ಕೆಮ್ಮು ಒಗ್ಗಲಿಲ್ಲ. ನಮ್ಮ ಹಿರಿಯರ ಹಬ್ಬವನ್ನೇ ತೆಗೆದುಕೊಳ್ಳಿ. ಅಪ್ಪನ ಎಡೆಗೆ ಮುದ್ದೆ, ಮಾಂಸದ ಸಾರು, ಬೀಡಿ ಕಟ್ಟು. ಅವ್ವನ ಎಡೆಗೆ ಕಜ್ಜಾಯ, ಎಲೆ ಅಡಿಕೆ, ಹೊಗೆಸೊಪ್ಪು. ಬದುಕಿದ್ದಾಗ ಯಾವುದನ್ನು ಬಿಡಿ ಬಿಡಿ ಎಂದು ಬೈಯುತ್ತಿದ್ದೆವೋ ಅದನ್ನೇ ಅಂಗಡಿಯಿಂದ ತಂದು ಇಡುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯಲ್ಲಿ ನಿಲ್ಲುತ್ತೇವೆ. ಉಣ್ಣುವವರನ್ನು ನಾವು ನೋಡಬಾರದು. ಒಳಗೆ ಹೋಗುವಾಗ, ಉಂಡು ಮುಗಿಸಿರದಿದ್ದರೆ ಮುಗಿಸಲಿ ಎಂದು, ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತೇವೆ. ನಮ್ಮ ಮನೆಯಲ್ಲಿ ಕೆಮ್ಮುವವರು ನಾವು, ಅವರಲ್ಲ. ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆಯೇ ಹೊರತು ತೀರ್ಪು ಕೇಳುವುದಿಲ್ಲ.

ದೊಡ್ಡಣ್ಣ: ನೀನೂ ಅಕ್ಕನ ಕಡೆಗೇ ಸೇರಿದೆ. ಸರಿ, ನೇರವಾಗಿಯೇ ಕೇಳುತ್ತೇನೆ. ನಮ್ಮ ಊರಿನಲ್ಲಿ ಯಾವ ಹೆಣ್ಣುಮಗಳು ಬಂದು ಪಾಲು ತೆಗೆದುಕೊಂಡು ಹೋಗಿದ್ದಾಳೆ?

ಅಕ್ಕ: ಊರಿನಲ್ಲಿ ಕೇಳಿಲ್ಲ, ಕಾನೂನಿನಲ್ಲಿದೆ. ಅಪ್ಪ ವಿಲ್ ಬರೆಯದೆ 2001ರಲ್ಲಿ ಹೋದರು. ಅವರೇ ದುಡಿದು ಕಟ್ಟಿಸಿದ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ತಾತನಿಂದ ಬಂದ ಗದ್ದೆಯ ಮಾತು ಬೇರೆ. 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಮಗಳಿಗೂ ಮಗನಷ್ಟೇ ಹಕ್ಕು ಎಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1991ರಲ್ಲಿ, ತಂಗಿಯದು 1997ರಲ್ಲಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಲ್ಲಿ ಅವಳಿಗೆ ಉಂಟು, ನನಗೆ ಇಲ್ಲ! 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ನಾನು ಪಾಲು ಬಿಡಬಹುದು, ಬಿಡದಿರಬಹುದು. ಬಿಟ್ಟರೆ ನನ್ನ ಬಾಯಿಂದಲೇ ಹೇಳಿ ಬಿಡುತ್ತೇನೆ. ಅವ್ವನನ್ನು ಅಳಿಸಿ ಬಿಡಿಸಬೇಡ.

ದೊಡ್ಡಣ್ಣ: ಕಾನೂನು ಹೇಳಿದೆ, ಕೇಳಿದೆ. ಅವ್ವ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ರಾತ್ರಿ ಮಗ್ಗುಲು ಬದಲಿಸಿದ್ದು ನಾನು, ಬೆನ್ನಿನ ಹುಣ್ಣು ತೊಳೆದದ್ದು ನಿಮ್ಮ ಅತ್ತಿಗೆ. ನೀವೆಲ್ಲ ಹಬ್ಬಕ್ಕೆ ಬಂದು, ಹಣ್ಣು ಕೊಟ್ಟು, ಬಸ್ಸು ಹತ್ತಿದಿರಿ. ಅದಕ್ಕೆ ಯಾವ ಕಾಯ್ದೆಯಲ್ಲೂ ಲೆಕ್ಕವಿಲ್ಲ. ಮೇಲಿರುವ ಅವರಾದರೂ ನೋಡಿದ್ದಾರೆ ಎಂದುಕೊಳ್ಳುತ್ತೇನೆ. ಆ ಕಥೆ ಓದಿ ನಾನು ಅತ್ತದ್ದು ಅದಕ್ಕೆ, ನಿನ್ನ ಸಹಿಗಲ್ಲ.

ಚಿಕ್ಕಣ್ಣ: ಬಸ್ಸು ಹತ್ತಿದ್ದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಕ್ಕ: ಅದನ್ನು ಮೇಲಿರುವವರು ನೋಡಿದರೋ ಇಲ್ಲವೋ, ನಾನಂತೂ ನೋಡಿದ್ದೇನೆ. ಅವ್ವನ ಬೆನ್ನಿನ ಕೆಳಗೆ ನೀನು ಹಾಕಿಸಿದ ಗಾಳಿ ಹಾಸಿಗೆಯ ಬೆಲೆಯೂ ನನಗೆ ಗೊತ್ತು. ನೋಡಿಕೊಂಡವರಿಗೆ ಇಷ್ಟು ಹೆಚ್ಚು ಬರಬೇಕು ಎಂದು ಕೇಳು, ಕೊಡೋಣ. ನ್ಯಾಯವಾದ ಮಾತು ಅದು. ಇಷ್ಟು ದಿನ ನೀನು ಕೇಳಿದ್ದು ಅದನ್ನಲ್ಲ.

ಸಿಂಚನಾ: ದೊಡ್ಡತ್ತೆ, ನಾನು ಒಂದು ಹೇಳಲೇ? ನಾನು ಮೊದಲು ಬರೆದಾಗ ಮಗಳು ಎದ್ದು ನಿಲ್ಲುವುದೇ ಇಲ್ಲ. ಅಟ್ಟದ ಮೇಲೆ ಅಜ್ಜಿ ‘ಈ ಹುಡುಗಿಗೆ ನಾವು ಏನು ಕೊಟ್ಟೆವು’ ಎಂದು ಬೆರಳು ಮಡಿಸುತ್ತಾಳೆ. ‘ಮದುವೆ ಮಾಡಿಕೊಟ್ಟೆವಲ್ಲ’ ಎನ್ನುತ್ತಾರೆ ತಾತ. ಅಲ್ಲಿಂದ ಇಬ್ಬರಿಗೂ ಜಗಳ ಹತ್ತಿಕೊಂಡು, ಕೆಳಗೆ ಮಕ್ಕಳು ಎದ್ದು ಹೋದದ್ದೂ ಅವರಿಗೆ ಗೊತ್ತಾಗುವುದಿಲ್ಲ. ಅಪ್ಪ ಅದನ್ನು ಓದಿ, ಹಿರಿಯರನ್ನು ಹೀಗೆ ಬರೆಯಬಾರದು ಎಂದರು. ಬದಲಾಯಿಸಿದೆ.

ಚಿಕ್ಕಣ್ಣ: ಆ ಕಥೆ ಕಳುಹಿಸು. ಅದರಲ್ಲಿ ನಮ್ಮ ಅಪ್ಪ ಅವ್ವ ಇದ್ದಾರೆ.

ದೊಡ್ಡಣ್ಣ: ಇದನ್ನು ಗುಂಪಿನಲ್ಲಿ ಹೇಳುವ ಅಗತ್ಯವಿತ್ತೇ ಸಿಂಚನಾ?

ಚಿಕ್ಕಪ್ಪ: ಇತ್ತು. ಬೈಯಬೇಡ ಅವಳನ್ನು.

ದೊಡ್ಡಣ್ಣ: ಬೈದಿಲ್ಲ. ಭಾನುವಾರ ಎಡೆ ಇಡುತ್ತೇವೆ. ಮಾಂಸ ನಾಲ್ಕು ಕೆಜಿ ಹೇಳಿದ್ದೇನೆ. ಬರುವವರು ಈಗಲೇ ತಿಳಿಸಿ.

ಅಕ್ಕ: ಶನಿವಾರವೇ ಬರುತ್ತೇನೆ, ಕಜ್ಜಾಯದ ಪಾಕ ನಾನು ನೋಡಿಕೊಳ್ಳುತ್ತೇನೆ. ಪಹಣಿ, ವಂಶವೃಕ್ಷ ಎರಡರ ಪ್ರತಿಯನ್ನೂ ತೆಗೆದಿಡು. ವಕೀಲರನ್ನು ನಾನು ಕರೆತರುವುದಿಲ್ಲ, ನೀನೂ ಕರೆಸಬೇಡ.

ಚಿಕ್ಕಣ್ಣ: ಬೀಡಿ, ಹೊಗೆಸೊಪ್ಪು ನನ್ನ ಲೆಕ್ಕ. ಸೋಮವಾರ ರಜೆ ಹಾಕಿದ್ದೇನೆ.

ದೊಡ್ಡಣ್ಣ: ಹಾಗಾದರೆ ಆರು ಕೆಜಿ ಹೇಳುತ್ತೇನೆ.