ಎಣ್ಣೆ ಕಲ್ಲಿಗೆ ‘ಕಚ್ಚುವುದು’, ‘ಬಿಡುವುದು’: ಈ ಪದಗಳು ನಡೆಯುತ್ತವೆಯೇ?

ನಮಸ್ಕಾರ. ಕಚ್ಚಾ ತೈಲದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಅಡ್ಸಾರ್ಪ್ಷನ್ (ಒಂದು ವಸ್ತು ಇನ್ನೊಂದರ ಮೈಗೆ ಅಂಟಿಕೊಳ್ಳುವುದು), ಡಿಸಾರ್ಪ್ಷನ್ (ಹಾಗೆ ಅಂಟಿದ್ದು ಬಿಟ್ಟು ಬರುವುದು) ಎಂಬ ಎರಡು ಪದಗಳ ಹತ್ತಿರ ಕೈ ನಿಂತಿದೆ.

ವಿಷಯ ಇಷ್ಟು. ಕಚ್ಚಾ ತೈಲದ ತೀರಾ ಭಾರದ ಪಾಲಿಗೆ ಆಸ್ಫಾಲ್ಟೀನ್ ಎನ್ನುತ್ತಾರೆ. ಹೆಪ್ಟೇನ್ ಎಂಬ ದ್ರಾವಕದಲ್ಲಿ ಕರಗುವುದಿಲ್ಲ, ಟಾಲೀನ್ ಎಂಬ ದ್ರಾವಕದಲ್ಲಿ ಕರಗುತ್ತದೆ. ಅದೇ ಅದರ ಗುರುತು. ಇದರ ಅಣುಗಳಲ್ಲಿ ಗಂಧಕ, ಸಾರಜನಕ, ಆಮ್ಲಜನಕವೂ ಸೇರಿರುತ್ತವೆ. ಅದರಿಂದಲೇ ಅವು ಜೇಡಿಮಣ್ಣು, ಸುಣ್ಣಕಲ್ಲು, ಮರಳಿನ ಕಣಗಳ ಮೈಮೇಲೆ ಹೋಗಿ ಕೂರುತ್ತವೆ. ನೀರಿಗೆ ನೆನೆಯುತ್ತಿದ್ದ ಕಲ್ಲು ಆಮೇಲೆ ಎಣ್ಣೆಗೇ ಒಲಿಯುತ್ತದೆ.

ಇದಕ್ಕೆ ‘ಹೀರಿಕೆ’ ಒಪ್ಪುವುದಿಲ್ಲ. ಹೀರಿದ್ದು ಒಳಗೆ ಹೋಗಬೇಕು, ಅಲ್ವಾ? ‘ಅಧಿಶೋಷಣೆ’ ಎಂದರೆ ಓದುವವರಿಗೆ ಜಮೀನ್ದಾರರ ಶೋಷಣೆ ನೆನಪಾಗುತ್ತದೆ.

ನಮ್ಮ ಮಡಿಕೇರಿ ಕಡೆ ರಸ್ತೆ ಕೆಲಸದವರ ಬಾಯಲ್ಲಿ ‘ಡಾಂಬರು ಜಲ್ಲಿಗೆ ಕಚ್ಚಿಲ್ಲ’ ಎಂಬ ಮಾತಿದೆ. ಈ ಪದವನ್ನು ಸುಮ್ನೆ ಎತ್ತಿಕೊಳ್ಳುತ್ತಿಲ್ಲ. ರಸ್ತೆಯ ಡಾಂಬರು, ಅಂದರೆ ಬಿಟುಮೆನ್, ಕಚ್ಚಾ ತೈಲ ಬಟ್ಟಿ ಇಳಿಸಿದಾಗ ತಳದಲ್ಲಿ ಉಳಿಯುವ ಸರಕು. ಆಸ್ಫಾಲ್ಟೀನ್ ಬಂದು ಸೇರುವುದೂ ಅಲ್ಲಿಗೇ. ಸಿಲಿಕಾ (ಮರಳಿನಲ್ಲಿರುವ ಖನಿಜ) ಜಾಸ್ತಿ ಇರುವ ಜಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು. ಜುಲೈ ಮಳೆಯಲ್ಲಿ ನೀರು ಎರಡರ ನಡುವೆ ನುಸುಳಿ ಡಾಂಬರನ್ನು ಎಬ್ಬಿಸಿಬಿಡುತ್ತದೆ. ಸುಣ್ಣದ ಪುಡಿ ಬೆರೆಸಿದರೆ ಹಿಡಿತ ಬಿಗಿಯಾಗುತ್ತದೆ. (ನಮ್ಮೂರ ರಸ್ತೆಗೆ ಯಾರೂ ಬೆರೆಸಿದಂತೆ ಕಾಣುವುದಿಲ್ಲ, ಆ ಮಾತು ಬೇರೆ.)

ತೊಡಕಿರುವುದು ‘ಬಿಡು’ವಿನಲ್ಲಿ. ಕಚ್ಚುವುದು ಎಣ್ಣೆ. ಬಿಡುವುದು ಯಾವುದು? ‘ಬಟ್ಟೆ ಬಣ್ಣ ಬಿಟ್ಟಿತು’ ಎನ್ನುತ್ತೇವೆ, ಅಲ್ಲಿ ಬಿಡುವುದು ಬಟ್ಟೆ. ಹಾಗೆ ನೋಡಿದರೆ ‘ಕಲ್ಲು ಎಣ್ಣೆ ಬಿಟ್ಟಿತು’ ಎನ್ನಬೇಕು. ಆದರೆ ‘ಎಣ್ಣೆ ಕಲ್ಲನ್ನು ಬಿಟ್ಟಿತು’ ಎಂದರೂ ಕಿವಿಗೆ ತಪ್ಪೆನಿಸುವುದಿಲ್ಲ.

ಬಿಡುವ ಬಗೆಯೂ ಒಂದೇ ಅಲ್ಲ. ಟಾಲೀನ್ ಹಾಕಿ ತೊಳೆದರೆ ಒಂದಷ್ಟು ಕರಗಿ ಬರುತ್ತದೆ, ಜೇಡಿಕಣಕ್ಕೆ ಬಲವಾಗಿ ಕಚ್ಚಿದ್ದು ಅಲ್ಲೇ ಉಳಿಯುತ್ತದೆ. ನೀರಿನ ಕೆಲಸ ಬೇರೆ, ಅದು ಕರಗಿಸದೆ ಪದರವನ್ನೇ ಕಳಚುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಕಾರ್ಲ್ ಕ್ಲಾರ್ಕ್ ಎಂಬ ರಸಾಯನ ವಿಜ್ಞಾನಿ 1920ರ ದಶಕದಲ್ಲಿ ಎಣ್ಣೆಮರಳಿನಿಂದ ಬಿಟುಮೆನ್ ತೆಗೆದದ್ದು ಬಿಸಿನೀರಿನಿಂದಲೇ. ಮೊದಲನೆಯದಕ್ಕೆ ‘ಬಿಡು’, ಎರಡನೆಯದಕ್ಕೆ ‘ಕಳಚು’ ಎಂದು ಬೇರೆ ಮಾಡೋಣ ಎಂಬುದು ನನ್ನ ಯೋಚನೆ.

ನಾಮಪದವಾಗಿ ‘ಕಚ್ಚಿಕೆ’ ನಡೆಯುತ್ತದೆಯೇ? ‘ಕಚ್ಚುವಿಕೆ’ ಎಂದರೆ ನಾಯಿ ಬರುತ್ತದೆ. ಅರೆಭಾಷೆ, ಕೊಡವ ತಕ್ಕ್ ಬಲ್ಲವರು ಈ ಗುಂಪಿನಲ್ಲಿದ್ದಾರೆ. ಡಾಂಬರು ಏಳುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನಂತೀರಿ?