1919ರ ಕಾಯ್ದೆ: ಮಂತ್ರಿ ಇದ್ದೂ ಅಧಿಕಾರ ಇರಲಿಲ್ಲವಾ?

ಬಳ್ಳಾರಿ ಹುಡುಗ:
ಕೆಎಎಸ್‌ಗೆ ಓದುತ್ತಿದ್ದೇನೆ. ಬ್ರಿಟಿಷರ 1919ರ ಭಾರತ ಸರ್ಕಾರ ಕಾಯ್ದೆಯಿಂದ 'ಪ್ರಾಂತ್ಯಗಳಲ್ಲಿ ದ್ವಿಸರ್ಕಾರ ಜಾರಿಗೆ ಬಂತು' ಅಂತ ಗೈಡುಗಳು ಒಂದೇ ಸಾಲಲ್ಲಿ ಮುಗಿಸುತ್ತವೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿನ ರೈತನಿಗೆ ಅದರಿಂದ ಏನು ಸಿಕ್ಕಿತು? ಬಿಡಿಸಿ ಹೇಳುತ್ತೀರಾ?

ಕುಮಟಾ ಮೇಷ್ಟ್ರು:
ಸಿಕ್ಕಿದ್ದು ಕಮ್ಮಿಯೇ, ತಮ್ಮಾ. ಆಸ್ತಿ, ತೆರಿಗೆ ನೋಡಿ ಮತದ ಹಕ್ಕು ಕೊಡುತ್ತಿದ್ದರು. ಸಣ್ಣ ರೈತನಿಗೆ, ಕೂಲಿಯವನಿಗೆ ಅದೂ ಇಲ್ಲ. ಸರ್ಕಾರವನ್ನು ಎರಡು ಹೋಳು ಮಾಡಿದರು. ಹಣಕಾಸು, ಪೊಲೀಸ್, ಕಂದಾಯ, ನೀರಾವರಿ 'ಮೀಸಲು'. ಅವು ಗವರ್ನರ್ ಮತ್ತು ಅವರ ಕಾರ್ಯಕಾರಿ ಮಂಡಳಿಯ ಕೈಯಲ್ಲಿ. ಶಿಕ್ಷಣ, ಆರೋಗ್ಯ, ಕೃಷಿ, ಅಬಕಾರಿ 'ವರ್ಗಾಯಿತ', ಅವು ಮಂತ್ರಿಗಳಿಗೆ.

ಮದ್ರಾಸ್‌ನಲ್ಲಿ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷ 1920ರಲ್ಲಿ ಅಧಿಕಾರಕ್ಕೆ ಬಂತು. ಅವರ ಮಂತ್ರಿ ಕೆ.ವಿ. ರೆಡ್ಡಿ ನಾಯ್ಡು ಆಮೇಲೆ ಗೋಳು ತೋಡಿಕೊಂಡರು: ಅಭಿವೃದ್ಧಿ ಮಂತ್ರಿ ನಾನು, ಆದರೆ ಅರಣ್ಯ ನನ್ನದಲ್ಲ, ಕೃಷಿ ಮಂತ್ರಿ, ಆದರೆ ನೀರಾವರಿ ನನ್ನದಲ್ಲ. ನಿಮ್ಮೂರಿನ ಒಣಭೂಮಿ ರೈತನಿಗೆ ನೀರಿಲ್ಲದ ಕೃಷಿ ಮಂತ್ರಿ ಯಾತಕ್ಕೆ, ಅಲ್ವಾ?

ಇನ್ನೊಂದು ತಮಾಷೆ. ಶಾಲೆಯೂ ಹೆಂಡದಂಗಡಿಯೂ ಮಂತ್ರಿಗಳ ಪಾಲಿಗೇ ಬಂದಿದ್ದವು. ಹೆಂಡ ನಿಲ್ಲಿಸಿದರೆ ವರಮಾನಕ್ಕೆ ಕತ್ತರಿ, ಶಾಲೆ ತೆರೆಯಲು ದುಡ್ಡೆಲ್ಲಿಂದ?

ಮೈಸೂರು ಮಲ್ಲಿಗೆ ತೋಟ:
ನಮ್ಮಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಬ್ರಿಟಿಷರಿಗಿಂತ ಎಷ್ಟೋ ಮುಂದೆ!

ಕುಮಟಾ ಮೇಷ್ಟ್ರು:
ಇತ್ತು, ಒಪ್ಪಿದೆ. ಆದರೆ ದಿವಾನರನ್ನು ಇಳಿಸುವ ಅಧಿಕಾರ ಆ ಸಭೆಗೆ ಇರಲಿಲ್ಲ. ಜಂಬ ಸ್ವಲ್ಪ ಕಮ್ಮಿ ಇರಲಿ, ಮೇಡಂ. ಮಂತ್ರಿಗಳನ್ನು ಉರುಳಿಸುವುದನ್ನು ತೋರಿಸಿದ್ದು ಬಂಗಾಳ: 1924ರಲ್ಲಿ ಸ್ವರಾಜ್ಯ ಪಕ್ಷದವರು ಶಾಸನಸಭೆಯಲ್ಲಿ ಮಂತ್ರಿಗಳ ಸಂಬಳಕ್ಕೇ ಕತ್ತರಿ ಹಾಕಿದರು.

ಬಳ್ಳಾರಿ ಹುಡುಗ:
ಸರ್, ಅರಣ್ಯ ಎಲ್ಲ ಕಡೆಯೂ ಮೀಸಲೇ ಇತ್ತಾ?

ಕುಮಟಾ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಇಲ್ಲ! ಬಾಂಬೆ ಪ್ರಾಂತ್ಯದಲ್ಲಿ ಅರಣ್ಯ ಮಂತ್ರಿಗಳಿಗೆ ಬಂತು, ಮದ್ರಾಸ್‌ನಲ್ಲಿ ಬರಲಿಲ್ಲ. ನಮ್ಮ ಉತ್ತರ ಕನ್ನಡ ಬಾಂಬೆಗೆ, ದಕ್ಷಿಣ ಕನ್ನಡ ಮದ್ರಾಸ್‌ಗೆ. ಘಟ್ಟ ಅದೇ, ಮರ ಅದೇ. ಈ ಕಡೆಯ ಕಾಡು ಮಂತ್ರಿಯದು, ಆ ಕಡೆಯದು ಗವರ್ನರದು. 1937ರ ಏಪ್ರಿಲ್‌ನಲ್ಲಿ 1935ರ ಹೊಸ ಕಾಯ್ದೆ ಜಾರಿಯಾದ ಮೇಲೆ ಪ್ರಾಂತ್ಯಗಳಲ್ಲಿ ಈ ಹೋಳು ಹೋಯಿತು. ಗವರ್ನರ ವಿಶೇಷಾಧಿಕಾರ ಮಾತ್ರ ಉಳಿಯಿತು. ಅದನ್ನೂ ಓದಿಕೊಳ್ಳಿ, ಪರೀಕ್ಷೆಯಲ್ಲಿ ಕೇಳುತ್ತಾರೆ.