ಊರ ಹಿರಿಯರು ತಮ್ಮ ಕೈಯಲ್ಲಿ ದೈವಶಕ್ತಿ ಇದೆ ಅಂದರೆ ಪ್ರಶ್ನೆ ಮಾಡಬಹುದಾ?

ಪ್ರಶ್ನೆ:
ನಮ್ಮೂರಿನ ಶಾಲೆಗೆ ಜಾಗ ಕೊಟ್ಟ ಹಿರಿಯರೊಬ್ಬರಿದ್ದಾರೆ. ಊರಲ್ಲಿ ಅವರ ಮಾತಿಗೆ ಎದುರಿಲ್ಲ. ಎರಡು ವರ್ಷದಿಂದ, ತಾವು ಮುಟ್ಟಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅನ್ನುತ್ತಿದ್ದಾರೆ. ಅವರ ನಂಬಿಕೆ ಅವರಿಗೆ ಅಂತ ನಾನೂ ಸುಮ್ನಿದ್ದೆ. ಮೊನ್ನೆ ಅಕ್ಕಿ ಡಬ್ಬದ ಹಿಂದೆ ಅಮ್ಮನ ಮಾತ್ರೆ ಸಿಕ್ಕಿತು. ಒಂದು ತಿಂಗಳ ಮಾತ್ರೆ, ಒಂದನ್ನೂ ಬಿಡಿಸಿಲ್ಲ. ಜಾತ್ರೆ ಸಭೆಯಲ್ಲಿ ಎದ್ದು ನಿಂತು ಕೇಳಿಬಿಡಲಾ?

ಉತ್ತರ 1:
ಸಭೆಯಲ್ಲಿ ಬೇಡ ತಂಗಿ. ಊರೆಲ್ಲ ಅವರ ಪರ ನಿಲ್ಲುತ್ತದೆ, ಅಮ್ಮನೂ ಅಲ್ಲೇ ನಿಲ್ಲುತ್ತಾರೆ. ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮಿಕ್ಕಿದ್ದು ಆಮೇಲೆ.

ಉತ್ತರ 2:
ನಾನು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವನು. ಎಚ್. ನರಸಿಂಹಯ್ಯನವರ ಹೆಸರು ಕೇಳಿರುತ್ತೀರಿ. ಖಾದಿ ಟೋಪಿ, ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆ, ಅಷ್ಟೇ ಅವರ ಸಂಸಾರ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ತಮ್ಮನ್ನು ಅವತಾರ ಅಂತ ಹೇಳಿಕೊಳ್ಳುತ್ತಿದ್ದ ಕಾಲ, ದೊಡ್ಡ ದೊಡ್ಡ ಅಧಿಕಾರದಲ್ಲಿದ್ದವರೂ ಭಕ್ತರು. ನರಸಿಂಹಯ್ಯನವರು ಬಾಬಾಗೆ ಮೂರು ಪತ್ರ ಬರೆದರು. ನಮ್ಮ ಸಮಿತಿಯ ಎದುರು, ನಾವು ಹೇಳುವ ನಿಯಮದಲ್ಲಿ ಪವಾಡ ಮಾಡಿ ತೋರಿಸಿ ಅಂತ. ಬಾಬಾ ಒಪ್ಪಲಿಲ್ಲ.

ನನಗೆ ಅದರಲ್ಲಿ ಹಿಡಿಸುವುದು ಅವರು ಕೇಳಿದ ರೀತಿ. ದೇವರು ಹೌದೋ ಅಲ್ಲವೋ ಅನ್ನುವ ವಾದ ಮುಗಿಯುವಂಥದ್ದಲ್ಲ. ಕಣ್ಣೆದುರು ನೋಡಬಹುದಾದದ್ದನ್ನು ಕೇಳಿದರು. ನೀವೂ ಶಕ್ತಿಯ ಮಾತು ಎತ್ತಬೇಡಿ ಅಮ್ಮಾ. ಯಾರೋ ತಮ್ಮನ್ನು ದೊಡ್ಡವರು ಅಂದುಕೊಂಡರೆ ಬಿಟ್ಟುಬಿಡಬಹುದು. ಅದಕ್ಕೆ ನಿಮ್ಮ ತಾಯಿಯ ಕಣ್ಣು, ಕಿಡ್ನಿ ಬೆಲೆ ತೆರುವುದಾದರೆ ಒಂದು ದಿನವೂ ಕಾಯಬಾರದು. ಶುಗರ್ ಚೀಟಿ ಹಿಡಿದು ಅವರ ಮನೆಗೇ ಹೋಗಿ. ಅಮ್ಮನೂ ಜೊತೆಗಿರಲಿ.

ಪ್ರಶ್ನೆ ಕೇಳಿದವರು:
ಖಾಲಿ ಹೊಟ್ಟೆಯಲ್ಲಿ 286 ಬಂತು. ಡಾಕ್ಟರ್ ಮಾತ್ರೆ ಮತ್ತೆ ಬರೆದುಕೊಟ್ಟರು. ಅಲ್ಲಿಂದ ನೇರ ಅವರ ಮನೆಗೆ ಹೋದೆವು. "ತಾತ, ಮಾತ್ರೆ ಬಿಡು ಅಂತ ನೀವು ಹೇಳಿದ್ರಾ?" ಅಂತ ಕೇಳಿದೆ. ನನ್ನ ಕೈ ನಡುಗುತ್ತಿತ್ತು. "ನಾನು ಬಿಡು ಅಂದಿಲ್ಲ, ಅವಳೇ ಬಿಟ್ಟಿದ್ದು" ಅಂದರು. ಅಮ್ಮ ಅವರ ಮುಖವನ್ನೇ ನೋಡುತ್ತಾ ನಿಂತರು. ದಾರಿಯುದ್ದಕ್ಕೂ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಾವೇ ಕೇಳಿದರು, "ಆ ಮಾತ್ರೆ ಎಲ್ಲಿಟ್ಟೆ?"